ಹಾಳೆಯ ನೆತ್ತಿಯ ಮೇಲಿನ ಹೆಸರು

ಚಂದನಾ,

ಪ್ರೀತಿಯ ಎಂದು ಬರೆಯುವ ಅಭ್ಯಾಸ ತಪ್ಪಿದೆ. ಇದನ್ನು ನಾನು ಕಳಿಸುವುದೂ ಇಲ್ಲ.

ಇವತ್ತು ಕುಮಟಾದ ಪುಸ್ತಕದಂಗಡಿಯಲ್ಲಿ ನಿನ್ನ ಹಾಡಿನ ಹಾಳೆ ಮಾರಾಟಕ್ಕಿತ್ತು. ಇನ್ನೂರು ವರ್ಷಕ್ಕೂ ಹಿಂದೆ ಲಂಡನ್ನಿನಲ್ಲಿ ನಾಟಕದ ಹಾಡುಗಳನ್ನು ಅಚ್ಚು ಹಾಕುತ್ತಿದ್ದಂತೆಯೇ ಮಾಡಿಸಿದ್ದೀಯ: ಸುತ್ತ ಬಳ್ಳಿಯ ಅಂಚು, ಸ್ವರದ ಗೆರೆಗಳು, ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಹಾಡಿದವಳ ಹೆಸರು. ಎಂಎ ಓದುವಾಗ ಅಂಥ ಹಾಳೆಗಳನ್ನು ನೋಡಿ ಸಿಟ್ಟಾಗುತ್ತಿದ್ದವಳು ನೀನೇ. "ನಟಿ ಹೆಸ್ರು ಇಷ್ಟುದ್ದ. ಪದ ಬರ್ದವ್ರು ಎಂತ ಸತ್ತೋದ್ರಾ?" ಅನ್ನುತ್ತಿದ್ದೆ.

ನಾನು ಸತ್ತಿಲ್ಲ. ಲಂಡನ್ನಿನ ಅಂಥದೇ ಹಾಳೆಯೊಂದರಲ್ಲಿದ್ದ ನಾವಿಕನ ಹಾಡನ್ನು ಕನ್ನಡಕ್ಕೆ ತಂದವಳು ನಾನು. ಅದನ್ನು ಕೂರಿಸಿದ್ದು ನಮ್ಮ ಗಂಗೆ ಅತ್ತೆ ಗದ್ದೆಯಲ್ಲಿ ಭತ್ತದ ಸಸಿ ನೆಟ್ಟಿ ಮಾಡುವಾಗ ಹಾಡುವ ಧಾಟಿಗೆ. ವೇದಿಕೆ ಹತ್ತಲು ನನಗೆ ನಾಚಿಕೆ, ಹಾಗಾಗಿ ನೀನು ಹಾಡಿದೆ. ನಿನ್ನ ಪಾಲು ಅಷ್ಟೇ. ಆದರೆ ಹಾಳೆಯಲ್ಲಿರುವುದು ನಿನ್ನ ಹೆಸರೊಂದೇ.

ಹಾಳೆಯನ್ನು ಮನೆಗೆ ತಂದೆ. ಅತ್ತೆಗೆ ಓದಲು ಬರುವುದಿಲ್ಲ ಎಂದು ನಿನಗೆ ಗೊತ್ತು. ಅವಳ ಮೀನುಸಾರು ಎಷ್ಟು ಸಲ ಉಂಡಿದ್ದೀಯ.

"ಹುಡ್ಗಿ ಎಷ್ಟ್ ಚಂದ ಮಾಡ್ಸಿತು! ನಿನ್ನ ಹೆಸ್ರು ಯಾವ್ದೇ ತಂಗಿ? ಬೆರಳಿಟ್ಟು ತೋರ್ಸು."

"ನಿಂದು ಬೇಡ್ವಾ ಅತ್ತೆ?"

"ನಂದೆಂತಕ್ಕೆ? ಧಾಟಿ ಗದ್ದೇದು. ಪದ ನಿಂದು."

ಬೆರಳನ್ನು ನಿನ್ನ ಹೆಸರಿನ ಮೇಲಿಟ್ಟೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಆ ಅಕ್ಷರಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಹಾಳೆಯನ್ನು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದಳು, ಬಂದವರಿಗೆಲ್ಲ ಕಾಣಲಿ ಎಂದು.

ನಾಳೆ ನಮ್ಮ ಮನೆಯಲ್ಲಿ ಸ್ವಸಹಾಯ ಸಂಘದ ಸಭೆ. ಆ ಹೆಂಗಸರಿಗೆ ಓದಲು ಬರುತ್ತದೆ.