ಇನ್ನು ಐವತ್ತು ಹೆಜ್ಜೆ

ಜನವರಿ ೮, ಬೆಳಿಗ್ಗೆ

ಅಂಟು ಮತ್ತೆ ಕುದಿಸಬೇಕಾಯಿತು. ನಿನ್ನೆಯದು ಗಂಟುಗಂಟು. ಹಳೆಯ ಪತ್ರಿಕೆಗಳನ್ನು ಅಂಗೈಯಗಲ ಹರಿದು ನೆನೆಹಾಕಿದೆ. ಕುದುರೆ ತಲೆ ಮೂರು, ಮೀನಿನ ತಲೆ ಎರಡು, ಚಂದ್ರ ಒಂದು — ಒಣಗುತ್ತಿವೆ. ಚಂದ್ರನ ಒಂದು ಕೆನ್ನೆ ಊದಿದೆ. ಹಲ್ಲುನೋವಿನವನ ಹಾಗಿದ್ದಾನೆ.

ಕಾರ್ನಿವಲ್‌ಗೆ ಐದೇ ವಾರ. ಹೊರದೇಶದ ಹನ್ನೆರಡು ತಂಡಗಳು ಬರುತ್ತವಂತೆ. ಗರಿಕಿರೀಟದ ನರ್ತಕಿಯರು, ಮರಗಾಲಿನವರು, ತಮಟೆ ಡ್ರಮ್ಮಿನವರು... ನಮ್ಮ ಶೆಡ್ ನಡೆಸುವ ಮೇಸ್ತ್ರಿ ಪಟ್ಟಿ ಓದಿ ಮುಗಿಸಿ ಕೆಮ್ಮಿದ. ಅವನು ಕೆಮ್ಮಿದ ಎಂದರೆ ಮುಂದೆ ಏನೋ ಇದೆ.

"ಕಮಿಟಿಯವರು ಕೇಳ್ತಿದಾರೆ. ಈ ಸಲ ನಗೆರಾಜ ಬರ್ತಾನಾ ಅಂತ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಚಂದ್ರನ ಕೆನ್ನೆ ಉಜ್ಜುತ್ತಾ ಕೂತೆ.

ನಗೆರಾಜ ಶೆಡ್ಡಿನ ಹಿಂದಿನ ಮೂಲೆಯಲ್ಲಿದ್ದಾನೆ. ಹದಿನಾರು ಅಡಿ. ಬೆತ್ತದ ಮೈ, ಕಾಗದದ ತಲೆ, ಕೆಂಪು ನಿಲುವಂಗಿ. ಒಳಗೆ ನಿಂತು ಹೊರುವವನಿಗೆ ನೋಡಲು ಬೊಂಬೆಯ ಹೊಟ್ಟೆಯ ಹತ್ತಿರ ಬಲೆಬಟ್ಟೆಯ ಒಂದು ಕಿಂಡಿ. ಹನ್ನೊಂದು ವರ್ಷ ಹೊತ್ತವನು ನನ್ನ ಅಣ್ಣ. ಪಕ್ಕದಲ್ಲಿ ನಡೆದು ದಾರಿ ಹೇಳಿದವಳು ನಾನು. ಹೋದ ವರ್ಷದ ಮೆರವಣಿಗೆಯಲ್ಲಿ ಅಣ್ಣ ಅದರೊಳಗೇ ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ.

ಮೇಲೆ ಹೊದಿಕೆ ಹಾಕಿದ್ದಾರೆ. ಆದರೂ ನಗು ಕಾಣುತ್ತದೆ. ಆ ಬಾಯಿ ನಾನೇ ಮಾಡಿದ್ದು.

ಜನವರಿ ೯

ಗಿಡ್ಡಿ ಒಪ್ಪಿಕೊಂಡು ಬಂದಿದ್ದಾಳೆ. ನನ್ನನ್ನು ಕೇಳಲೂ ಇಲ್ಲ.

ಅಣ್ಣನ ಮಗಳು. ಚಿಕ್ಕಂದಿನಲ್ಲಿ ಕುಳ್ಳಗಿದ್ದಳು ಎಂದು ಅಣ್ಣ ಇಟ್ಟ ಅಡ್ಡಹೆಸರು. ಈಗ ಇಪ್ಪತ್ತೆರಡು. ಅಡುಗೆಮನೆ ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕು. ಅತ್ತಿಗೆ ತೀರಿಕೊಂಡಾಗ ಆರು ವರ್ಷದವಳು. ಅಂದಿನಿಂದ ಈ ಮನೆಯಲ್ಲಿ ನಾವು ಮೂವರು. ಈಗ ಇಬ್ಬರು.

"ನಾನು ಹೊರ್ತೀನಿ ಅಂದೆ ಅತ್ತೆ. ಮೇಸ್ತ್ರಿ ಸರಿ ಅಂದ."

"ನಿನ್ನ ಭುಜ ಗಟ್ಟಿ ಇದ್ರೆ ಸಾಕಾ? ಒಳಗೆ ಒಲೆ ಥರ ಇರುತ್ತೆ."

"ಗೊತ್ತು. ಅಪ್ಪ ಹೇಳ್ತಿದ್ದ." ಬ್ರೆಡ್ಡು ಮುರಿದು ಚಹಾದಲ್ಲಿ ಅದ್ದಿದಳು. "ಪಕ್ಕದಲ್ಲಿ ನೀನಿರ್ತೀಯಲ್ಲ. ಇನ್ನೇನು ಭಯ?"

ಬ್ರೆಡ್ಡು ಚಹಾದೊಳಗೆ ಬಿತ್ತು. ನಕ್ಕಳು. ನಗುವಾಗ ಅಣ್ಣನದೇ ಮೂಗು.

ನೀನಿರ್ತೀಯಲ್ಲ —

ಜನವರಿ ೧೫

ತಾಲೀಮು ಶುರು. ಶೆಡ್ಡಿನ ಹಿಂದೆ, ಗೋದಾಮುಗಳ ನಡುವಿನ ರಸ್ತೆ. ನಗೆರಾಜನಿಗೆ ಇನ್ನೂ ಅಂಗಿ ಇಲ್ಲ, ಬರೀ ಬೆತ್ತ. ಒಳಗೆ ಗಿಡ್ಡಿ. ನಾನು ಕೋಲಿನಿಂದ ಬೆತ್ತಕ್ಕೆ ಒಂದು ಬಡಿದರೆ ಬಲಕ್ಕೆ, ಎರಡಕ್ಕೆ ಎಡಕ್ಕೆ, ಮೂರಕ್ಕೆ ನಿಲ್ಲು. ಒಳಗಿನವರಿಗೆ ತ್ರಾಸವಾದರೆ ಹಗ್ಗ ಎಳೆಯಬೇಕು, ಗಂಟೆ ಬಾರಿಸುತ್ತದೆ. ಕೇಳಿದ ಕೂಡಲೇ ದಾರಿ ಹೇಳುವವರು ನಿಲ್ಲಿಸಬೇಕು. ಅಷ್ಟೇ ನಿಯಮ. ಮಗುವಿಗೂ ಅರ್ಥವಾಗುತ್ತದೆ.

ನಲವತ್ತು ಹೆಜ್ಜೆ ನಡೆದಿದ್ದೆವು. ಗಂಟೆ ಕೇಳಿಸಿತು. ಮೂರು ಬಡಿದೆ.

"ಯಾಕತ್ತೆ?"

"ಬಾರಿಸಿದೆಯಲ್ಲ."

"ನಾನಾ? ಗಂಟೆ ಇನ್ನೂ ಕಟ್ಟೇ ಇಲ್ಲ."

ಮೇಲೆ ನೋಡಿದೆ. ಹೌದು. ಗಂಟೆಯ ಕೊಕ್ಕೆ ಖಾಲಿ.

ಜನವರಿ ೧೬

ಇವತ್ತು ಐದು ಸಲ ನಿಲ್ಲಿಸಿದೆ. ಒಂದು ಸಲವೂ ಗಿಡ್ಡಿ ಕೇಳಿರಲಿಲ್ಲ. "ಹೀಗೆ ನಿಂತ್ರೆ ಮುಂದಿನ ಕಾರ್ನಿವಲ್‌ಗೆ ಮುಟ್ತೀವಿ" ಎಂದಳು. ಮೇಸ್ತ್ರಿ ನನ್ನ ಭುಜ ತಟ್ಟಿದ — ಪಾಪ, ಅಣ್ಣನ ನೆನಪು ಎಂದುಕೊಂಡಿರಬೇಕು.

ಅಣ್ಣನ ನೆನಪಲ್ಲ. ಅದು ಸಿಹಿಯಾಗಿರುತ್ತದೆ.

ಜನವರಿ ೨೧, ಮಧ್ಯಾಹ್ನ

ಹಗ್ಗದಜ್ಜನ ಮನೆಗೆ ಹೋಗಿದ್ದೆವು. ಗಿಡ್ಡಿಯದೇ ಹಟ.

ನಲವತ್ತು ವರ್ಷ ನಮ್ಮ ಶೆಡ್ಡಿನ ಕಟ್ಟುವ ಕೆಲಸವೆಲ್ಲ ಅವರದು. ಹೋದ ವರ್ಷ ನಗೆರಾಜನ ಗಂಟೆ ಕಟ್ಟಿದವರೂ ಅವರೇ. ಅಣ್ಣನನ್ನು ಹೊರಗೆ ಎಳೆದಾಗ ಗಂಟೆಯ ಹಗ್ಗ ಬಿಚ್ಚಿ ಕೆಳಗೆ ಬಿದ್ದಿತ್ತು. ಗಂಟು ಮೊದಲೇ ಸಡಿಲಿತ್ತು, ಅದಕ್ಕೇ ಅಣ್ಣ ಬಾರಿಸಲು ಆಗಲಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಯಾರೂ ಬೈಯಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ಮರುದಿನದಿಂದ ಅವರು ಶೆಡ್ಡಿಗೆ ಬರಲಿಲ್ಲ. ನವೆಂಬರಿನಲ್ಲಿ ಅವರ ಹೆಂಡತಿ ತೀರಿಕೊಂಡರು. ಹೂ ಕಳಿಸಿದ್ದೆ. ಹೋಗಿರಲಿಲ್ಲ.

"ಅಜ್ಜ, ನಂಗೆ ನಿಮ್ಮೇಲೆ ಸಿಟ್ಟಿಲ್ಲ" ಎಂದಳು ಗಿಡ್ಡಿ. "ಈ ಸಲಾನೂ ನೀವೇ ಕಟ್ಟಬೇಕು."

ಅಜ್ಜ ಕುರ್ಚಿ ತೋರಿಸಿದರು. ಕೂರಲು ಹೋಗಿ ನೋಡಿದೆ. ಕುರ್ಚಿಯ ಕಾಲಿಗೆ ಹಗ್ಗದ ಗಂಟು. ನಾಲ್ಕೂ ಕಾಲಿಗೆ. ಕಿಟಕಿಯ ಸರಳುಗಳಿಗೆ. ಬಾಗಿಲ ಹಿಡಿಗೆ, ಮಂಚದ ತಲೆಗೆ, ಗೋಡೆಯ ಮೊಳೆಗಳಿಗೆ. ಎಲ್ಲ ಒಂದೇ ಗಂಟು. ಗಂಟೆ ಕಟ್ಟುವ ಗಂಟು.

"ಕಟ್ತೀನಿ, ಎಳೀತೀನಿ" ಎಂದರು ಅಜ್ಜ. "ಒಂದೂ ಬಿಚ್ಚಲ್ಲ ಮಗಾ. ಎಲ್ಲಿ ತಪ್ಪಿದೆ ಅಂತ ಹುಡುಕ್ತಾನೇ ಇದೀನಿ. ಅದು ಸಿಗೋವರೆಗೂ ನಾನು ಕಟ್ಟಲ್ಲ."

ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. ಬಿಸಿತುಪ್ಪ. ನುಂಗಲಿಲ್ಲ, ಉಗುಳಲಿಲ್ಲ. "ಹೊತ್ತಾಯ್ತು ಗಿಡ್ಡಿ" ಎಂದು ಎದ್ದುಬಿಟ್ಟೆ.

ಜನವರಿ ೩೦

ಒಂಬತ್ತು ದಿನ ಬರೆದಿಲ್ಲ. ಬರೆದರೆ ಇದನ್ನೇ ಬರೆಯಬೇಕಿತ್ತು.

ಹೋದ ವರ್ಷ ಗಂಟೆ ಬಾರಿಸಿತ್ತು.

ಮೊದಲ ಸಲ ಔಷಧಿ ಅಂಗಡಿಯ ಮುಂದೆ. ಡ್ರಮ್ಮಿನ ಗದ್ದಲ. ಆದರೂ ಕೇಳಿಸಿತು. ತೀರ್ಪುಗಾರರ ವೇದಿಕೆ ಕಣ್ಣಿಗೆ ಕಾಣುತ್ತಿತ್ತು. ನಿಂತರೆ ಹಿಂದಿನ ತಂಡ ಮುಂದೆ ದಾಟುತ್ತದೆ. ಆರು ವರ್ಷದಿಂದ ಎರಡನೆಯ ಸ್ಥಾನ. ಆ ಸಲದ ಮುಖ ಅಷ್ಟು ಚೆನ್ನಾಗಿ ಬಂದಿತ್ತು... ನನ್ನ ಕೈಕೆಲಸ.

ಎರಡನೆಯ ಸಲ ಬೇಕರಿ ತಿರುವಿನಲ್ಲಿ.

ಮೂರನೆಯ ಸಲ ಕಿಂಡಿಗೆ ಬಾಯಿಟ್ಟು ಹೇಳಿದೆ — "ಇನ್ನು ಐವತ್ತು ಹೆಜ್ಜೆ ಅಣ್ಣ. ವೇದಿಕೆ ಬಂತು."

ಅಣ್ಣ ನಡೆದ. ನಾನು ಎಣಿಸುತ್ತಿದ್ದೆ. ಐವತ್ತೇ ಹೆಜ್ಜೆ. ವೇದಿಕೆಯ ಮುಂದೆ ನಗೆರಾಜ ಬಾಗಿದ. ಬಾಗುತ್ತಲೇ ಹೋದ. ಎದುರಿನ ಬಾಲ್ಕನಿಗೆ ಒರಗಿದ. ಜನ ಅದೂ ಆಟವೆಂದು ಚಪ್ಪಾಳೆ ಹೊಡೆದರು. ನಾನೂ ಒಂದು ಕ್ಷಣ —

ನಾನೂ ಹೊಡೆದೆ.

ಅಣ್ಣನನ್ನು ಹೊರಗೆ ಎಳೆಯುವ ಗಡಿಬಿಡಿಯಲ್ಲಿ ಹಗ್ಗ ಬಿಚ್ಚಿಕೊಂಡಿತು. "ಗಂಟೆ ಬಾರಿಸ್ಲಿಲ್ವಾ?" ಎಂದ ಮೇಸ್ತ್ರಿ. "ಇಲ್ಲ" ಎಂದೆ. ಒಂದೇ ಶಬ್ದ. ಉಳಿದದ್ದೆಲ್ಲ ಜನರೇ ಕಟ್ಟಿಕೊಂಡರು. ಗೂಬೆ ಹೋಗಿ ಅಜ್ಜನ ಮೇಲೆ ಕೂತಿತು. ನಾನು ಓಡಿಸಲಿಲ್ಲ.

ಮೊದಲ ಸ್ಥಾನ ಬಂತು. ಗೆದ್ದ ಕಪ್ ಶೆಡ್ಡಿನ ಕಪಾಟಿನ ಮೇಲಿದೆ.

ಜನವರಿ ೩೧, ಬೆಳಿಗ್ಗೆ ಏಳು

ಗಿಡ್ಡಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು, ಅದಕ್ಕೇ ಹೇಳಲು ಆಯಿತು.

ನಲ್ಲಿ ನಿಲ್ಲಿಸಿದಳು. "ಎಷ್ಟು ಸಲ?"

"ಮೂರು."

"ಮೂರು ಸಲ." ಕೈ ಒರೆಸಿಕೊಂಡಳು, ಒಂದೊಂದೇ ಬೆರಳು. "ಆಸ್ಪತ್ರೇಲಿ ನೀನು ನನ್ನ ತಬ್ಕೊಂಡು ಅಳ್ತಿದ್ದೆಯಲ್ಲ ಅತ್ತೆ. ಅವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಬಟ್ಟೆ ತುಂಬಿಕೊಂಡು ಹೋದಳು. ಗೆಳತಿಯ ಮನೆಗೆ. ಬಾಗಿಲು ದಡಾರನೆ ಹಾಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹಾಕಿದಳು.

ಫೆಬ್ರವರಿ ೩

ಶೆಡ್ಡಿನಲ್ಲಿ ನನ್ನ ಬ್ರಷ್ಷುಗಳ ಮೇಲೆ ಒಂದು ಚೀಟಿ. ಗಿಡ್ಡಿಯ ಅಕ್ಷರ.

"ಹಗ್ಗದಜ್ಜನಿಗೆ ಹೇಳು. ಆಮೇಲೆ ನಂಗೆ ಮುಖ ತೋರಿಸು."

ಫೆಬ್ರವರಿ ೪

ಹೇಳಿದೆ. ನಿಂತೇ ಹೇಳಿದೆ. ಆ ಕುರ್ಚಿಯಲ್ಲಿ ಕೂರಲಾರೆ.

ಅಜ್ಜ ತಮ್ಮ ಅಂಗೈ ನೋಡಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ.

"ಹಂಗಾದ್ರೆ ಗಂಟು ಸರಿ ಇತ್ತು."

"ಸರಿ ಇತ್ತು ಅಜ್ಜ."

"ನನ್ನ ಹೆಂಡ್ತಿ ಕೊನೇ ದಿನ ಈ ಕೈ ಹಿಡ್ಕೊಂಡಿದ್ಲು. ನಿಮ್ ಕೈಗೆ ಪಾಪ ತಟ್ಟದೇ ಇರ್ಲಿ ಅಂತ ಬೇಡ್ಕೋತಾನೇ ಹೋದ್ಲು." ತಲೆ ಎತ್ತಿದರು. "ನಂಗೆ ಹೇಳಿದೆ, ಸರಿ. ಅವಳಿಗೆ ಯಾರು ಹೇಳ್ತಾರಮ್ಮ?"

 

ಅಜ್ಜ ಎದ್ದು ಕಿಟಕಿಯ ಗಂಟು ಬಿಚ್ಚತೊಡಗಿದರು. ಗಟ್ಟಿ ಗಂಟು, ಉಗುರಿನಿಂದ ಕೆದಕಬೇಕಿತ್ತು. ನಾನು ಕೈ ಹಾಕಲು ಹೋದೆ.

"ಮುಟ್ಬೇಡ" ಎಂದರು.

ಹೊರಡುವಾಗ ಬೆನ್ನ ಹಿಂದಿನಿಂದ ಹೇಳಿದರು, "ನಾಳೆ ಶೆಡ್ಡಲ್ಲಿ ಎಲ್ಲರ ಮುಂದೆ ಹೇಳು. ನಾನೂ ಬಂದು ಕೇಳ್ತೀನಿ."

ಫೆಬ್ರವರಿ ೫

ಹದಿನೆಂಟು ಜನ ಇದ್ದರು. ಕುದುರೆ ತಲೆ ಹಾಕಿಕೊಂಡು ನೋಡುತ್ತಿದ್ದವನು ತೆಗೆಯುವುದನ್ನೇ ಮರೆತ. ಹೇಳಿದೆ. ಚಪ್ಪಾಳೆಯದನ್ನೂ ಹೇಳಿದೆ.

ಮೇಸ್ತ್ರಿ ಕೆಮ್ಮಲಿಲ್ಲ. ಸ್ಟೂಲು ಹಾಕಿ ಗೆದ್ದ ಕಪ್ ಇಳಿಸಿದ. ಅಂಟಿನ ಡಬ್ಬಿಗಳ ಹಿಂದೆ ತಳ್ಳಿದ. ಆಮೇಲೆ ಅಜ್ಜನ ಹತ್ತಿರ ಹೋಗಿ ಕೈಮುಗಿದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನನ್ನ ಹತ್ತಿರ ಯಾರೂ ಬರಲಿಲ್ಲ. ಬರಬಾರದು.

ದಾರಿ ಹೇಳುವ ಕೆಲಸ ನನ್ನದಲ್ಲ ಇನ್ನು. ಬಾಗಿಲ ಬಳಿ ನಿಂತಿದ್ದ ಗಿಡ್ಡಿ ಅಜ್ಜನನ್ನು ಕೇಳಿದಳು, "ನೀವು ನನ್ನ ಪಕ್ಕ ನಡೀತೀರಾ?"

"ನಂಗೆ ಎಪ್ಪತ್ತಾರು ಮಗಾ. ಆಗಾಗ ನಿಲ್ಬೇಕು."

"ನಂಗೂ ಅದೇ ಬೇಕು."

ಫೆಬ್ರವರಿ ೧೦

ಗಿಡ್ಡಿ ಮನೆಗೆ ಬಂದಳು.  ಎರಡು ತಟ್ಟೆ ಇಟ್ಟೆ. ಕೂತು ಉಂಡಳು. ಉಪ್ಪು ಕೇಳದೆ ತಾನೇ ಎದ್ದು ತೆಗೆದುಕೊಂಡಳು.

ಫೆಬ್ರವರಿ ೧೨, ಸಂಜೆ ನಾಲ್ಕು

ಮೆರವಣಿಗೆ ಹೊರಟಿದೆ. ನಾನು ಹೋಗಲಿಲ್ಲ. ಕಿಟಕಿ ಮುಚ್ಚಿದರೂ ಡ್ರಮ್ಮು ಕೇಳುತ್ತದೆ, ಗಾಜು ನಡುಗುತ್ತದೆ. ಬೀದಿ ತುಂಬ ಬಣ್ಣದ ಕಾಗದದ ಚೂರು. ಮುಖವಾಡದ ಮಂದಿ ಓಡುತ್ತಿದ್ದಾರೆ, ಯಾರು ನಗುತ್ತಿದ್ದಾರೆ ಯಾರು ಅಳುತ್ತಿದ್ದಾರೆ ತಿಳಿಯುವುದಿಲ್ಲ.

ಗಂಟೆ... ಸುಮ್ಮನೆ ಕೇಳಿಸಿಕೊಳ್ಳುತ್ತ ಕೂತಿದ್ದೇನೆ. ಕಿವಿ ಮುಚ್ಚುವುದಿಲ್ಲ ಇನ್ನು ಮೇಲೆ.

ಫೆಬ್ರವರಿ ೧೩, ಬೆಳಿಗ್ಗೆ

ಕೊನೆಯ ಸ್ಥಾನ. ದಾರಿಯಲ್ಲಿ ಹದಿನೇಳು ಸಲ ನಿಂತರಂತೆ. ಮರಗಾಲಿನವರು ದಾಟಿದರು, ಗರಿಯವರು ದಾಟಿದರು, ಕೊನೆಗೆ ಕಸ ಗುಡಿಸುವ ಗಾಡಿಯೂ ಹಿಂದಿನಿಂದ ಹಾರ್ನ್ ಹೊಡೆಯಿತಂತೆ. ಇದನ್ನೆಲ್ಲ ಗಿಡ್ಡಿಯೇ ಹೇಳಿದಳು. ಎರಡು ವಾರದಲ್ಲಿ ನನಗೆಂದು ಆಡಿದ ಮೊದಲ ಮಾತುಗಳು. ಭುಜದ ಚರ್ಮ ಸುಲಿದಿತ್ತು. ಮುಲಾಮಿನ ಡಬ್ಬಿ ಮೇಜಿನ ಮೇಲಿಟ್ಟು ನನಗೆ ಬೆನ್ನು ಮಾಡಿ ಕೂತಳು. ಹಚ್ಚಿದೆ.

"ಅತ್ತೆ, ಒಳಗೆ ನನ್ನ ಉಸಿರು ಒಂದೇ ಇರ್ಲಿಲ್ಲ."

ಬೆರಳಿಗೆ ಇನ್ನಷ್ಟು ಮುಲಾಮು ತೆಗೆದುಕೊಂಡೆ.

"ಪಕ್ಕದಲ್ಲೇ ಇನ್ನೊಂದು. ಏದುಸಿರು. ಔಷಧಿ ಅಂಗಡಿ ದಾಟೋವಾಗ ಶುರು ಆಯ್ತು."

"ಹೆದರಿದ್ಯಾ?"

"ಮೊದ್ಲು ಹೆದರಿದೆ. ಗಂಟೆ ಹೊಡೆದೆ. ಅಜ್ಜ ನಿಲ್ಲಿಸಿದ್ರು. ನಿಂತಾಗ ಅದೂ ನಿಧಾನ ಆಯ್ತು. ಸುಧಾರಿಸ್ಕೊಂಡ ಹಾಗೆ. ಅದಕ್ಕೇ ಮತ್ತೆ ಮತ್ತೆ ಹೊಡೆದೆ. ನಂಗೆ ಅಷ್ಟೇನು ಸುಸ್ತಾಗಿರ್ಲಿಲ್ಲ ಅತ್ತೆ. ಅದಕ್ಕೆ ಆಗಿತ್ತು."

ಮುಲಾಮು ಬೆರಳಲ್ಲೇ ಒಣಗಿತು. ಅವಳು ತಿರುಗಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಬೆನ್ನು ಮಾಡಿಯೇ ಕೇಳಿದಳು, "ಒಳಗಿದ್ದಾಗ ಅಪ್ಪ ನಿನ್ನ ಜೊತೆ ಏನೇನು ಮಾತಾಡ್ತಿದ್ದ? ಆ ದಿನದ್ದಲ್ಲ. ಬೇರೆ ವರ್ಷದ್ದು. ಎಲ್ಲ ಹೇಳು. ನಿಂಗೊಬ್ಳಿಗೇ ಗೊತ್ತಿರೋದು."

ಹನ್ನೊಂದು ವರ್ಷದ್ದು. ಎಲ್ಲಿಂದ ಶುರು ಮಾಡಲಿ? ಮೊದಲ ವರ್ಷದಿಂದಲೇ ಹೇಳಿದೆ. ಅಣ್ಣ ಒಳಗೆ ಹೋದ, ಪಟ್ಟಿ ಬಿಗಿದೆವು, ನಾನು ಕಿಂಡಿಯ ಹತ್ತಿರ ಬಾಗಿ ಏನು ಕಾಣ್ತಿದೆ ಅಣ್ಣ ಎಂದು ಕೇಳಿದೆ. ಅದಕ್ಕೆ ಅವನು —