ನನ್ನ ಪುಸ್ತಕವನ್ನು ನನಗೆ ಕೊಡಬೇಡಿ

ಮಾನ್ಯ ಮುಖ್ಯ ಗ್ರಂಥಾಲಯಾಧಿಕಾರಿಗಳೇ,

ತಮ್ಮ ಗ್ರಂಥಾಲಯದ ಸೂಚನಾ ಫಲಕದಲ್ಲಿ ಕಳೆದ ತಿಂಗಳಿನಿಂದ ತೂಗುತ್ತಿರುವ ‘ಅತಿ ಬೇಡಿಕೆಯ ಹತ್ತು ಪುಸ್ತಕಗಳು’ ಎಂಬ ಪಟ್ಟಿಯಲ್ಲಿ ಆರನೆಯದು ನನ್ನ ಕಾದಂಬರಿ. ಅದನ್ನು ಆ ಪಟ್ಟಿಯಿಂದ ಹೊಡೆದುಹಾಕಬೇಕು, ಬೀಗ ಹಾಕಿದ ಗಾಜಿನ ಕಪಾಟಿನಿಂದ ಬಿಡಿಸಿ ಮೊದಲಿದ್ದ ಜಾಗದಲ್ಲಿಡಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ಆ ಬೇಡಿಕೆ ಸುಳ್ಳು. ಇಪ್ಪತ್ತಾರು ಸಲ ಆ ಪುಸ್ತಕವನ್ನು ಬೇಡಿ ಒಯ್ದವನು ನಾನೇ.

ಇದನ್ನು ಹತ್ತು ಜನ ಓದುವಂತೆ ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕಾರಣವಿದೆ. ಇದೇ ಮಾತನ್ನು ಅರ್ಜಿಯಾಗಿ ಬರೆದು ತಮ್ಮ ಕಚೇರಿಗೆ ಖುದ್ದಾಗಿ ಕೊಟ್ಟಿದ್ದೆ. ಒಂಬತ್ತೇ ದಿನದಲ್ಲಿ ಉತ್ತರ ಬಂತು: ‘ತಮ್ಮ ಕೃತಿಯ ಜನಪ್ರಿಯತೆಗೆ ಅಭಿನಂದನೆಗಳು. ಸುರಕ್ಷತೆಯ ದೃಷ್ಟಿಯಿಂದ ಪುಸ್ತಕವನ್ನು ಹೊರಗೆ ಕೊಡಲಾಗದು.’ ನನ್ನ ಬರವಣಿಗೆಗೆ ಸರ್ಕಾರಿ ಮೊಹರಿನ ಮೆಚ್ಚುಗೆ ಸಿಕ್ಕಿದ್ದು ಅದೇ ಮೊದಲು. ಪುಸ್ತಕದ ಹೆಸರನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದೂ ಪ್ರಚಾರದ ಇನ್ನೊಂದು ಪಟ್ಟು ಅಂದಾರು. ಮೊದಲ ಕರಡಿನಲ್ಲಿ ಎರಡು ಕಡೆ ಬರೆದಿದ್ದೆ, ಹೆಂಡತಿ ಹೊಡೆದುಹಾಕಿದಳು.

ನಾನು ನಲವತ್ತು ವರ್ಷ ಅನುವಾದಿತ ಕಾದಂಬರಿಗಳನ್ನು ಓದಿಕೊಂಡು ಬಂದವನು. ಬಹುಪಾಲು ತಮ್ಮದೇ ಗ್ರಂಥಾಲಯದ ಎರಡನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕಪಾಟಿನಿಂದ. ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಊರುಗಳ ಲೇಖಕರು ಆ ಕಪಾಟಿನಿಂದ ಇಳಿದು ನನ್ನ ಮನೆಗೆ ಬಂದಿದ್ದಾರೆ. ಅವರಲ್ಲಿ ಒಬ್ಬರೂ ನನಗೆ ಫೋನ್ ಮಾಡಿ ‘ಓದಿದಿರಾ? ಹೇಗಿತ್ತು?’ ಎಂದು ಕೇಳಿರಲಿಲ್ಲ. ಎಷ್ಟೋ ಜನ ಸತ್ತು ನೂರು ವರ್ಷವಾಗಿತ್ತು. ಆದರೂ ಓದಿದ್ದೆ. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ ನಾನೇ ಒಂದು ಕಾದಂಬರಿ ಬರೆದಾಗ, ಸಂಕೋಚಕ್ಕೆ ಬೇರೆ ಹೆಸರಿಟ್ಟುಕೊಂಡು, ಪುಸ್ತಕ ತಾನಾಗಿಯೇ ನಡೆದುಕೊಂಡು ಓದುಗರ ಮನೆ ಸೇರುತ್ತದೆ ಎಂದು ನಂಬಿ ಕೂತೆ.

ಪ್ರಕಾಶಕರು ಆ ಭ್ರಮೆ ಬಿಡಿಸಿದರು. “ಬರೆಯೋದು ಅರ್ಧ ಕೆಲಸ ಸಾರ್. ಮಿಕ್ಕ ಅರ್ಧ ನೀವು ಮುಖ ತೋರಿಸೋದು. ಒಂದು ವಿಡಿಯೋ ಮಾಡಿ.” ಮಗಳು ನನ್ನನ್ನು ಪುಸ್ತಕದ ಬೀರುವಿನ ಮುಂದೆ ನಿಲ್ಲಿಸಿ ಮೊಬೈಲು ಹಿಡಿದಳು.

“ಅಪ್ಪಾ, ಏನೋ ಕದ್ದು ಸಿಕ್ಕಿಬಿದ್ದವರ ಥರ ನಿಂತಿದೀಯ. ಸ್ವಲ್ಪ ನಗು.”

ನಕ್ಕೆ.

“ಈಗ ಹಲ್ಲುನೋವು ಬಂದ ಹಾಗಿದೆ. ಬೇಡ, ಮೊದಲಿನದೇ ಇರಲಿ.”

ನಲವತ್ತೆಂಟು ಸೆಕೆಂಡಿನ ಆ ವಿಡಿಯೋವನ್ನು ಅರವತ್ತಮೂರು ಜನ ನೋಡಿದರು. ಬಂದ ಪ್ರತಿಕ್ರಿಯೆ ನಾಲ್ಕು. ಮೂರು ಹೆಬ್ಬೆರಳು, ನಾಲ್ಕನೆಯದು ಸೋದರತ್ತೆಯದು: ‘ಯಾಕೋ ಇಷ್ಟು ಇಳಿದುಹೋಗಿದೀಯ? ಸಕ್ಕರೆ ಪರೀಕ್ಷೆ ಮಾಡಿಸಿಕೋ.’ ಮಾಡಿಸಿಕೊಂಡೆ. ಇರಲಿಲ್ಲ. ಅಚ್ಚಾದ ಐನೂರು ಪ್ರತಿಗಳಲ್ಲಿ ನೂರ ಎಂಬತ್ತನ್ನು ಗೌರವಪ್ರತಿಯೆಂದು ಹಂಚಿದೆ. ಸಹೋದ್ಯೋಗಿಗಳಿಗೆ, ಹಲ್ಲಿನ ವೈದ್ಯರಿಗೆ, ನಮ್ಮ ಕಟ್ಟಡದ ಪ್ರತಿ ಮನೆಗೆ. ನಂತರ ಮೆಟ್ಟಿಲ ಮೇಲೆ ಎದುರಾದವರೆಲ್ಲ ನನ್ನನ್ನು ಕಂಡೊಡನೆ ಮೊಬೈಲು ಕಿವಿಗಿಟ್ಟುಕೊಳ್ಳಲು ಶುರುಮಾಡಿದರು. ಓದಿಲ್ಲವಲ್ಲ ಎಂಬ ಮುಜುಗರ ಅವರಿಗೆ, ಕೇಳಿಬಿಡುತ್ತೇನೇನೋ ಎಂಬ ಹೆದರಿಕೆ ನನಗೆ. ಒಳ್ಳೆಯ ನೆರೆಹೊರೆಯೊಂದನ್ನು ಇನ್ನೂರ ಹನ್ನೆರಡು ಪುಟಗಳಲ್ಲಿ ಹಾಳುಮಾಡಿಕೊಂಡೆ.

ಉಳಿದ ಆಸೆ ತಮ್ಮ ಗ್ರಂಥಾಲಯವೊಂದೇ. ತಾವು ಒಂದು ಪ್ರತಿ ಕೊಂಡಿದ್ದಿರಿ. ಅದು ಅದೇ ಕಿಟಕಿಯ ಪಕ್ಕದ ಕಪಾಟಿನಲ್ಲಿತ್ತು. ಹದಿನಾಲ್ಕು ತಿಂಗಳು, ವಾರಕ್ಕೊಮ್ಮೆ ಹೋಗಿ, ಅತ್ತಿತ್ತ ನೋಡಿ, ಕೊನೆಯ ಪುಟದ ತಾರೀಖು ಚೀಟಿ ತೆರೆಯುತ್ತಿದ್ದೆ. ಒಂದು ಮೊಹರೂ ಬಿದ್ದಿರಲಿಲ್ಲ. ಅಷ್ಟರಲ್ಲಿ ತಮ್ಮ ಮೊದಲ ಸುತ್ತೋಲೆ ಬಂತು: ಹದಿನೆಂಟು ತಿಂಗಳು ಯಾರೂ ಒಯ್ಯದ ಪುಸ್ತಕವನ್ನು ರದ್ದಿಗೆ ಹಾಕಲಾಗುವುದು. ನನಗಿದ್ದದ್ದು ನಾಲ್ಕು ತಿಂಗಳು.

ಒಂದೇ ಸಲ ಎಂದುಕೊಂಡು ನನ್ನ ಕಾರ್ಡಿನ ಮೇಲೆ ತೆಗೆದುಕೊಂಡೆ. ಖಾಲಿ ಚೀಟಿಯ ಮೇಲೆ ನೇರಳೆ ಮೊಹರು ಬಿತ್ತು. ಮಾನ್ಯರೇ, ಆ ಮೊಹರು ಎಷ್ಟು ಚೆನ್ನಾಗಿ ಕಂಡಿತೆಂದರೆ, ಹಿಂದಿರುಗಿಸಿದ ದಿನವೇ ಹೆಂಡತಿಯ ಕಾರ್ಡಿನ ಮೇಲೆ ಮತ್ತೆ ತಂದೆ. ಆಮೇಲೆ ಅತ್ತೆಯವರ ಕಾರ್ಡು, ಆಮೇಲೆ ಭಾವಮೈದುನನದು. ಹದಿನೈದು ದಿನಕ್ಕೊಮ್ಮೆ ಸರದಿ. ಹೆಂಡತಿ ಒಂದು ದಿನ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು: “ನಿಮ್ಮ ಪುಸ್ತಕ ನಮ್ಮ ಮನೇಲೇ ಮಂಚದ ಕೆಳಗೆ ಮುನ್ನೂರು ಬಿದ್ದಿದೆ. ಇನ್ನೊಂದು ತರೋಕೆ ನಾನು ಎರಡು ಬಸ್ಸು ಹತ್ತಿ ಹೋಗ್ಬೇಕಾ?” ಹೋಗಿ ತಂದಳು. ಅದು ಪ್ರೀತಿಯೋ ಕರುಣೆಯೋ ವಿಚಾರಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ತಮ್ಮ ಕೌಂಟರಿನ ಗುಮಾಸ್ತರಿಗೆ ನಾನೇ ಲೇಖಕನೆಂದು ಗೊತ್ತಿರಲಿಲ್ಲ. ಬೇರೆ ಹೆಸರು, ಹಿಂಬದಿಯ ಚಿತ್ರದಲ್ಲಿ ತಲೆತುಂಬ ಕೂದಲು. ಹತ್ತೊಂಬತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಅವರು ತಡೆಯಲಾರದೆ ಕೇಳಿದರು.

“ಏನಿದೆ ಸಾರ್ ಇದರಲ್ಲಿ? ಮನೆಮಂದಿಯೆಲ್ಲ ಬಾಯಿಪಾಠ ಮಾಡ್ತಿದೀರಾ?”

“ನೀವೂ ಒಂದು ಸಲ ಓದಿ ನೋಡಿ,” ಎಂದೆ. ನನ್ನ ಜೀವನದ ಅತಿ ದಿಟ್ಟ ಪ್ರಚಾರ ಅದು.

“ಅಯ್ಯೋ ಬೇಡ ಬಿಡಿ ಸಾರ್. ಓದಿದವರು ನೀವು, ನಿಮಗೇ ಇಷ್ಟು ಸಲ ಓದಿದರೂ ಅರ್ಥವಾಗ್ಲಿಲ್ಲ ಅಂದ್ರೆ...”

ನನ್ನ ಉದ್ಯೋಗವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಬೇರೆಯವರು ಹೇಳುವುದಕ್ಕಿಂತ ಅದೇ ವಾಸಿ. ನಾನು ತೂಕ ಮತ್ತು ಅಳತೆ ಇಲಾಖೆಯ ನಿರೀಕ್ಷಕ. ಇಪ್ಪತ್ತೊಂಬತ್ತು ವರ್ಷ ಅಂಗಡಿಯಿಂದ ಅಂಗಡಿಗೆ ಹೋಗಿ, ತಕ್ಕಡಿಯ ತಟ್ಟೆಯಡಿ ಅಂಟಿಸಿದ ಅಯಸ್ಕಾಂತಗಳನ್ನು ಕಿತ್ತು ಮೇಜಿನ ಮೇಲಿಟ್ಟು, ‘ಇದೇನಿದು?’ ಎಂದು ಕೇಳಿದವನು. ಒಬ್ಬ ಅಂಗಡಿಯವರು ಅಂದಿದ್ದರು: “ಗಿರಾಕಿಗೆ ಮೋಸ ಮಾಡೋಕಲ್ಲ ಸಾರ್. ವ್ಯಾಪಾರ ನಡೀತಿದೆ ಅಂತ ನನಗೇ ಒಂದು ಸಮಾಧಾನ ಬೇಕಲ್ಲ.” ಆಗ ಅವರ ಮೇಲೆ ಮೊಕದ್ದಮೆ ಹೂಡಿದ್ದೆ. ಈಗ ಸಿಕ್ಕರೆ ಪಕ್ಕದಲ್ಲಿ ಕೂತು ಒಂದು ಲೋಟ ಚಹಾ ಕುಡಿಯುತ್ತಿದ್ದೆ.

ಇಷ್ಟಾದರೂ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ಯಾರೂ ಓದದ ಪುಸ್ತಕವನ್ನು ನಾನು ಒಯ್ದರೆ ಯಾರಿಗೇನು? ಆದರೆ ತಮ್ಮ ಕೌಂಟರಿನ ಮೇಲೆ ‘ಕಾಯ್ದಿರಿಸುವ ಚೀಟಿಗಳು’ ಎಂದು ಬರೆದ ತಗಡಿನ ಡಬ್ಬಿಯೊಂದಿದೆ. ಅದರ ಕೀಲಿಯನ್ನು ವರ್ಗವಾಗಿ ಹೋದ ಯಾರೋ ಜೇಬಿನಲ್ಲೇ ಒಯ್ದಿದ್ದರಂತೆ. ಒಂದು ವರ್ಷಕ್ಕೂ ಮೇಲೆ, ಓದುಗರು ಚೀಟಿ ಹಾಕುತ್ತಲೇ ಇದ್ದರು, ಡಬ್ಬಿ ನುಂಗುತ್ತಲೇ ಇತ್ತು. ಈ ಕುರಿತು ತಾವು ಯಾವ ಸುತ್ತೋಲೆ ಹೊರಡಿಸಿದಿರಿ ಎಂದು ಕೇಳಬಹುದೇ? ಕೌಂಟರಿಗೆ ಬಣ್ಣ ಬಳಿಯುವಾಗ ಬಣ್ಣದವರು ಆ ಡಬ್ಬಿಯನ್ನು ಒಡೆದರು. ಹದಿನೇಳು ಚೀಟಿಗಳು ಬಿದ್ದವು. ಹನ್ನೊಂದರಲ್ಲಿ ನನ್ನ ಕಾದಂಬರಿಯ ಹೆಸರು. ಹನ್ನೊಂದೂ ಒಂದೇ ಕೈಬರಹ.

“ನಿಮ್ಮ ಹಾಗೇ ಇನ್ನೊಬ್ಬರಿದಾರೆ ಸಾರ್,” ಎಂದರು ಗುಮಾಸ್ತರು, ಒಂದು ಬಗೆಯ ಕನಿಕರದಿಂದ.

ಪುಸ್ತಕವನ್ನು ಅಂದೇ ಹಿಂದಿರುಗಿಸಿ, ‘ಅವರಿಗೇ ಕೊಡಿ’ ಎಂದು ಬಂದೆ. ಅಷ್ಟರಲ್ಲಿ ಆ ಚೀಟಿಗಳನ್ನೂ ನನ್ನ ಇಪ್ಪತ್ತಾರು ಮೊಹರುಗಳನ್ನೂ ಕೂಡಿಸಿದ ತಮ್ಮ ಕಂಪ್ಯೂಟರು ನನ್ನನ್ನು ಆರನೆಯ ಸ್ಥಾನಕ್ಕೇರಿಸಿತು. ತಮ್ಮ ಎರಡನೆಯ ಸುತ್ತೋಲೆ ಹೇಳಿತು: ಅತಿ ಬೇಡಿಕೆಯಿದ್ದು ಒಂದೇ ಪ್ರತಿ ಇರುವ ಪುಸ್ತಕವನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು, ವಾಚನಾಲಯದಲ್ಲೇ ಕೂತು ಓದಬೇಕು. ಓದದ ಪುಸ್ತಕಕ್ಕೆ ರದ್ದಿ, ಓದುವ ಪುಸ್ತಕಕ್ಕೆ ಸೆರೆಮನೆ. ಪುಸ್ತಕವಾದವನು ತಮ್ಮ ಆಡಳಿತದಲ್ಲಿ ಹೇಗೆ ಬದುಕಬೇಕು, ದಯವಿಟ್ಟು ತಿಳಿಸಿ.

ಚೀಟಿಯಲ್ಲಿ ವಿಳಾಸವಿತ್ತು: ದೊಡ್ಡಾಸ್ಪತ್ರೆ, ಎರಡನೇ ಲಿಫ್ಟು. ಚೀಲದಲ್ಲಿ ನನ್ನದೇ ಒಂದು ಪ್ರತಿ ಇಟ್ಟುಕೊಂಡು ಹೋದೆ. ಒಳಗೆ ಸ್ಟೂಲಿನ ಮೇಲೆ ನಲವತ್ತರ ಆಸುಪಾಸಿನ ಮಹಿಳೆ, ಬೂದುಬಣ್ಣದ ಸಮವಸ್ತ್ರ, ಒಂದು ಕೈ ಹಿಡಿಕೆಯ ಮೇಲೆ.

“ಯಾವ ಮಹಡಿ?”

“ಏಳು.”

“ಏಳರಲ್ಲಿ ಬರೀ ನೀರಿನ ಟ್ಯಾಂಕಿದೆ ಸಾರ್. ಯಾರನ್ನ ನೋಡ್ಬೇಕು?”

ಗ್ರಂಥಾಲಯದಿಂದ ಬಂದೆ ಎಂದೆ, ಪುಸ್ತಕದ ಹೆಸರು ಹೇಳಿದೆ. ಆಕೆ ತಿರುಗಿ ಕೂತರು. “ಅದಾ? ಅದನ್ನ ಯಾರೋ ಮಹಾರಾಯ ಮನೆಗೆ ಒಯ್ದು ಇಟ್ಕೊಂಡುಬಿಟ್ಟಿದಾನೆ. ಉಪ್ಪಿನಕಾಯಿ ಹಾಕ್ತಿದಾನೋ ಏನೋ.”

ಲಿಫ್ಟು ಕೆಟ್ಟ ಒಂದು ದಿನ ಅವರಿಗೆ ಮಧ್ಯಾಹ್ನವಿಡೀ ಬಿಡುವು ಸಿಕ್ಕಿತ್ತಂತೆ. ತಮ್ಮ ಗ್ರಂಥಾಲಯಕ್ಕೆ ಬಂದು ಆ ಕಪಾಟಿನಿಂದ ನನ್ನ ಪುಸ್ತಕ ತೆಗೆದು ನಲವತ್ತೊಂದು ಪುಟ ಓದಿದರಂತೆ. ಕಾರ್ಡು ಇರಲಿಲ್ಲ. ಮುಂದಿನ ವಾರ ಕಾರ್ಡು ಮಾಡಿಸಿಕೊಂಡು ಬಂದಾಗ ಪುಸ್ತಕವಿರಲಿಲ್ಲ. ನಾನು ಒಯ್ದಿದ್ದೆ. ಅಂದಿನಿಂದ ಹದಿಮೂರು ತಿಂಗಳು ಊಟದ ಅರ್ಧ ಗಂಟೆಯಲ್ಲಿ ನಡೆದುಬಂದು, ಕಪಾಟು ನೋಡಿ, ಚೀಟಿ ಹಾಕಿ ಹೋಗಿದ್ದಾರೆ.

“ಒಂಬತ್ತು ವರ್ಷದ ಮೇಲೆ ಗಂಡ ಬಂದು ಬಾಗಿಲು ತಟ್ತಾನೆ. ಅವಳು ಚಿಲಕದ ಮೇಲೆ ಕೈ ಇಡ್ತಾಳೆ. ಅಲ್ಲಿಗೆ ಗ್ರಂಥಾಲಯ ಮುಚ್ಚೋ ಹೊತ್ತಾಯ್ತು. ಇನ್ನೂ ಹಾಗೇ ನಿಂತಿದಾಳೆ ಸಾರ್ ಅವಳು, ಪಾಪ. ಒಂದೊಂದು ಸಲ ಈ ಹಿಡಿಕೆ ಹಿಡಿದಾಗ ನನಗೇ ಕೈನೋವು ಬಂದ ಹಾಗಾಗುತ್ತೆ.”

“ಅವಳು...” ಎಂದು ಬಾಯಿ ತೆರೆದೆ.

“ಹೇಳಿದ್ರೆ ನೋಡಿ, ಎರಡು ಮಹಡಿ ನಡುವೆ ನಿಲ್ಲಿಸಿಬಿಡ್ತೀನಿ.”

ಚೀಲದಿಂದ ಪ್ರತಿ ತೆಗೆದು ಕೊಟ್ಟೆ. ಆಕೆ ಅದನ್ನು ತಿರುಗಿಸಿ ನೋಡಿ ಮರಳಿ ನನ್ನ ಕೈಗೇ ಇಟ್ಟರು. “ಬೇಡ ಸಾರ್, ತಪ್ಪು ತಿಳ್ಕೋಬೇಡಿ. ಹಾಗೇ ಕೊಟ್ಟ ಪುಸ್ತಕ ನಾನು ಓದಲ್ಲ. ಮನೇಲಿ ನಾಲ್ಕಿವೆ. ಎಲ್ಲಿ ಹೋಗುತ್ತೆ, ಆಮೇಲೆ ಓದೋಣ ಅಂತ ಇಟ್ಟಿದ್ದು ಇಟ್ಟ ಹಾಗೇ ಇವೆ. ತಾರೀಖು ಹೊಡೆದು ಕೊಡ್ಲಿ, ಹದಿನಾಲ್ಕನೇ ದಿನಕ್ಕೆ ಮುಗಿಸಿರ್ತೀನಿ.” ನೂರ ಎಂಬತ್ತು ಪ್ರತಿ ಹಂಚುವ ಮೊದಲು ಈ ಲಿಫ್ಟನ್ನು ಒಮ್ಮೆ ಹತ್ತಬಾರದಿತ್ತೇ ನಾನು?

ಆ ಮಹಾರಾಯ ನಾನೇ ಎಂದು ಒಪ್ಪಿಕೊಂಡೆ. ಲೇಖಕನೂ ನಾನೇ ಎಂಬುದನ್ನು ಮಾತ್ರ ಹೇಳಲಿಲ್ಲ. ಆಕೆ ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೇಳಿದ್ದು ಇಷ್ಟೇ: “ಅಷ್ಟು ಸಲ ಓದಿದೀರಲ್ಲ, ಮುಂದೆ ಚೆನ್ನಾಗಿದೆಯಾ?”

“ಮಧ್ಯದಲ್ಲಿ ಸ್ವಲ್ಪ ಎಳೆದಿದಾನೆ,” ಎಂದೆ. ಆ ಕಾದಂಬರಿಗೆ ಈವರೆಗೆ ಬಂದ ಏಕೈಕ ಪ್ರಾಮಾಣಿಕ ವಿಮರ್ಶೆ ಅದು.

ಈಗ ನಿಜವಾದ ವಿಷಯ. ಮುಂದಿನ ತಿಂಗಳ ಇಪ್ಪತ್ತಕ್ಕೆ ಆಸ್ಪತ್ರೆಗೆ ಗುಂಡಿ ಒತ್ತುವ ಹೊಸ ಲಿಫ್ಟುಗಳು ಬರುತ್ತವೆ. ಆಕೆಯನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕುತ್ತಾರೆ. “ಅಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಕೈ ಒದ್ದೆ ಸಾರ್. ಪುಟ ತಿರುಗಿಸೋಕಾಗುತ್ತಾ? ಮನೆಗೆ ಹೋದ್ರೆ ಮನೆ ಕೆಲಸ. ಓದೋದೇನಿದ್ರೂ ಈ ಸ್ಟೂಲ್ ಇರೋವರೆಗೆ.” ತಮ್ಮ ವಾಚನಾಲಯ ತೆರೆಯುವುದು ಹತ್ತಕ್ಕೆ, ಮುಚ್ಚುವುದು ಐದೂವರೆಗೆ. ಆಕೆಯ ಪಾಳಿ ಎಂಟರಿಂದ ಆರು. ವಾರದ ರಜೆ ಇಬ್ಬರಿಗೂ ಸೋಮವಾರ. ಊಟದ ಅರ್ಧ ಗಂಟೆ ನಡೆದು ಬಂದು ಹೋಗುವುದಕ್ಕೇ ಸರಿಹೋಗುತ್ತದೆ. ಗಾಜಿನ ಕಪಾಟಿನ ಮುಂದೆ ಕೂತು ಓದಲು ಆಕೆ ಯಾವ ಹೊತ್ತಿನಲ್ಲಿ ಬರಬೇಕು?

ಪುಸ್ತಕಕ್ಕೆ ಓದುಗರನ್ನು ಹುಡುಕುವುದು ಹೇಗೆ ಎಂದು ನಾಲ್ಕಾರು ಭಾಷಣ ಕೇಳಿದ್ದೇನೆ, ಒಂದು ಕಮ್ಮಟಕ್ಕೂ ಹೋಗಿದ್ದೇನೆ. ನನ್ನ ಏಕೈಕ ಓದುಗರನ್ನು ಹುಡುಕಿಕೊಟ್ಟದ್ದು ಅವ್ಯಾವುದೂ ಅಲ್ಲ, ತಮ್ಮ ತೆರೆದ ಕಪಾಟು. ಅದು ಮಾಡಿದ ಕೆಲಸವನ್ನು ಹದಿಮೂರು ತಿಂಗಳು ಕೆಡಿಸಿದವನು ನಾನು. ಈಗ ಕೆಡಿಸುತ್ತಿರುವವರು ತಾವು. ನನ್ನ ಪಾಲನ್ನು ಒಪ್ಪಿಕೊಂಡಿದ್ದೇನೆ.

ಆದ್ದರಿಂದ ಕೇಳುವುದಿಷ್ಟು. ಬರುವ ಐದನೇ ತಾರೀಖಿನೊಳಗೆ ಆ ಬೀಗ ತೆಗೆಸಿ, ಚೀಟಿಯ ಮೇಲೆ ತಾರೀಖು ಹೊಡೆಸಿ, ಪುಸ್ತಕವನ್ನು ಎರಡನೇ ಲಿಫ್ಟಿನವರಿಗೆ ಹದಿನೈದು ದಿನಕ್ಕೆ ಕೊಡಿಸಿ. ನನ್ನ ಮನೆಯ ನಾಲ್ಕು ಕಾರ್ಡುಗಳ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆದಿದ್ದೇನೆ. ಆ ಕಾರ್ಡುಗಳಿಗೆ ಈ ಪುಸ್ತಕವನ್ನು ಇನ್ನೆಂದೂ ಕೊಡಬಾರದೆಂದು ಆದೇಶ ಮಾಡಿ. ಅತ್ತೆಯವರು ಅತ್ತುಕೊಂಡು ಬಂದರೂ ಕೊಡಬೇಡಿ. ಕಳಿಸಿದವನು ನಾನೇ ಆಗಿರುತ್ತೇನೆ. ಆಮೇಲೆ ಹದಿನೆಂಟು ತಿಂಗಳು ಯಾರೂ ಒಯ್ಯದಿದ್ದರೆ ನಿಯಮದಂತೆ ರದ್ದಿಗೆ ಹಾಕಿ. ನಾನು ಅಡ್ಡ ಬರುವುದಿಲ್ಲ.

ಆಕೆಗೆ ನನ್ನ ಕಾದಂಬರಿ ಹಿಡಿಸುತ್ತದೆಂಬ ಭರವಸೆ ನನಗಿಲ್ಲ. ಐವತ್ತನೆಯ ಪುಟಕ್ಕೇ ಬೇಸರವಾಗಿ, ‘ಇದಕ್ಕಾ ನಾನು ಇಷ್ಟು ದಿನ ಕಾದದ್ದು’ ಎಂದು ಮೂರನೆಯ ದಿನವೇ ಹಿಂದಿರುಗಿಸಿದರೂ ಹಿಂದಿರುಗಿಸಲಿ. ನೂರ ಎಂಬತ್ತು ಜನರಿಗೆ ಪುಸ್ತಕ ಕೊಟ್ಟು, ಇಷ್ಟವಾಗಲಿಲ್ಲ ಎನ್ನುವಷ್ಟು ಓದಿದ ಒಬ್ಬರನ್ನೂ ನಾನು ಸಂಪಾದಿಸಿಲ್ಲ.

ಇಂತಿ,
ತಾವು ಅಭಿನಂದಿಸಿದ, ತನ್ನ ಪುಸ್ತಕವನ್ನು ಇಪ್ಪತ್ತಾರು ಸಲ ಒಯ್ದು ಒಮ್ಮೆಯೂ ಪೂರ್ತಿ ಓದಲಾಗದ
ಲೇಖಕ