ಗ್ರೇಂಜ್ ಪೆಟ್ಟಿಗೆಯ ಕರಿಗುಂಡು

ಶ್ಯಾಂಟಿಲಿ
೧೭ ನವೆಂಬರ್ ೧೯೯೬

ಸ್ಮಿತಾಳ ಅಪ್ಪನವರಿಗೆ ಸಿದ್ದೇಶ್ವರಿಯ ನಮಸ್ಕಾರಗಳು.

ಶಾರ್ಲೆಟ್‌ನಲ್ಲಿ ಊಟ, ನಿದ್ದೆ ಸರಿಯಾಗಿ ಆಗುತ್ತಿದೆಯೇ? ಸ್ಮಿತಾಗೆ ಒಂದಿಷ್ಟು ನೆಗಡಿ, ಬಿಟ್ಟರೆ ಎಲ್ಲ ಕ್ಷೇಮ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ: ಗ್ರೇಂಜ್ ಸಂಘ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದೆ. ಕಾರಣ ನಾನೇ ಇರಬೇಕು. ಹೇಗೆ ಅಂತ ನನಗೇ ಸರಿಯಾಗಿ ತಿಳಿಯುತ್ತಿಲ್ಲ.

ಈ ರೈತರ ಸಂಘ ೧೮೬೭ರಲ್ಲಿ ಇಲ್ಲೇ ಹತ್ತಿರದ ವಾಷಿಂಗ್ಟನ್ನಿನಲ್ಲಿ ಹುಟ್ಟಿದ್ದಂತೆ. ಮೊದಲಿನಿಂದಲೂ ಹೆಂಗಸರಿಗೆ ಮತವಿತ್ತೆಂದು ಪಕ್ಕದ ಮನೆಯ ಹ್ಯಾಟಿ ಅಜ್ಜಿ ಹೆಮ್ಮೆಯಿಂದ ಹೇಳುತ್ತಾಳೆ. ನಮ್ಮ ಹಿತ್ತಲಿನ ಬಿಳಿಜೋಳದ ತೆನೆ ನೋಡಿ ನನ್ನನ್ನು ಸೇರಿಸಿದವಳು ಅವಳೇ. ಹೊಲಗಳೆಲ್ಲ ಆಫೀಸುಗಳಾಗಿ ಈಗ ಉಳಿದಿರುವುದು ಇಪ್ಪತ್ತು ಸದಸ್ಯರು. ಅಲ್ಲಿ ನನ್ನನ್ನು ಸಿಸ್ಟರ್ ಅನ್ನುತ್ತಾರೆ. ಹೋದ ತಿಂಗಳು ನನ್ನ ಹರಕುಮುರುಕು ಇಂಗ್ಲಿಷಿನಲ್ಲೇ ಜೋಳದ ಬಿತ್ತನೆಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಒಬ್ಬರೂ ಎದ್ದು ಹೋಗಲಿಲ್ಲ.

ನಿನ್ನೆ ನಿಮ್ಮ ಹೆಸರು ಮತಕ್ಕೆ ಬಂತು. ಪೆಟ್ಟಿಗೆಯೊಂದು ಕೈಯಿಂದ ಕೈಗೆ ಬರುತ್ತದೆ. ಅದರಲ್ಲಿ ಬಿಳಿಗುಂಡು, ಕರಿಗುಂಡು. ಆರಿಸಿ ತೂತಿನೊಳಗೆ ಹಾಕಬೇಕು, ಯಾರಿಗೂ ಕಾಣುವುದಿಲ್ಲ. ನನಗಿದು ಮೊದಲ ಸಲ. ಬಿಳಿಯದನ್ನು ಹಾಕಿದೆ. ಆಮೇಲೆ, ಸ್ಮಿತಾಳ ಕೆನ್ನೆಗೆ ಕಾಡಿಗೆ ಚುಕ್ಕೆ ಇಡುತ್ತಿದ್ದೆನಲ್ಲ, ಹಾಗೆ ನಿಮಗೂ ದೃಷ್ಟಿಯಾಗದಿರಲಿ ಎಂದು ಒಂದು ಕರಿಯದನ್ನೂ ಹಾಕಿಬಿಟ್ಟೆ. ನಗಬೇಡಿ.

ಇಪ್ಪತ್ತು ಜನಕ್ಕೆ ಇಪ್ಪತ್ತೊಂದು ಗುಂಡು! ಬಿಳಿ ಎಂದರೆ ಒಪ್ಪಿಗೆ, ಕರಿ ಎಂದರೆ ಬೇಡ, ಒಬ್ಬರಿಗೆ ಒಂದೇ ಎಂದು ಅಧ್ಯಕ್ಷರು ಬಿಡಿಸಿ ಹೇಳಿ ಪೆಟ್ಟಿಗೆಯನ್ನು ಮತ್ತೆ ಕಳಿಸಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎರಡನೆಯ ಸಲ ಹತ್ತೊಂಬತ್ತು ಬಿಳಿ, ಒಂದು ಕರಿ. ನಮ್ಮ ಸಂಘದ ಕಟ್ಟಳೆಯಲ್ಲಿ ಒಂದು ಕರಿ ಬಿದ್ದರೂ ಆರು ತಿಂಗಳು ಪ್ರವೇಶವಿಲ್ಲ. ಯಾರಿಗೆ ನಿಮ್ಮ ಮೇಲೆ ಏನಿತ್ತೋ.

ನಾವು ಬೇರೆ ಬೇರೆ ಇದ್ದು ವರ್ಷವಾಯಿತು. ತಿಂಗಳಿಗೊಮ್ಮೆಯಾದರೂ ಒಂದೇ ಕಡೆ ಕೂಡೋಣವೆಂದು ನೀವು ಆ ಅರ್ಜಿ ತುಂಬಿದ್ದು ಗೊತ್ತು. ನೋಡಿ ಕಣ್ಣು ತುಂಬಿತ್ತು. ಆದರೆ ಬೇಸಿಗೆಯ ಪಿಕ್ನಿಕ್ಕಿನಲ್ಲಿ ಹ್ಯಾಟಿ ನನ್ನನ್ನು ಏನೋ ಕೇಳಿದಾಗ ನೀವು, "ನೀ ಸುಮ್ನಿರು, ನಿನಗ ತಿಳಿಯಂಗಿಲ್ಲ, ನಾ ಹೇಳ್ತೀನಿ" ಅಂದಿರಿ. ಕೇಳಿದ್ದು ಜೋಳದ ವಿಷಯವೇ ಆಗಿತ್ತು. ನೀವು ಅಲ್ಲಿ ಬೇಕೋ ಬೇಡವೋ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟು ಹೋಗಿದೆ.

ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತೀರಲ್ಲ? ಸ್ಮಿತಾ ದಾರಿ ಕಾಯುತ್ತಿದ್ದಾಳೆ.

ನಿಮ್ಮ
ಸಿದ್ದೇಶ್ವರಿ

ತಾ.ಕ.: ಎರಡನೆಯ ಸಲದ ಕರಿಯದೂ ನನ್ನದೇ. ಅರ್ಥ ತಿಳಿದೇ ಹಾಕಿದೆ. ಮನೆಗೆ ಖಂಡಿತ ಬನ್ನಿ. ಸಂಘಕ್ಕೆ ಮಾತ್ರ ನಾನೊಬ್ಬಳೇ ಹೋಗುತ್ತೇನೆ.